ಖಾಲಿ ಹಾಳೆಯ ಕೆಳಗಿನ ಸಹಿ

ನನ್ನ ತಂಗಿಯ ಪರವಾಗಿ ನಾನು ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಕೇಳಿದವರು ನೇರವಾಗಿ ನನ್ನನ್ನೇ ಕೇಳಿದರು. ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಉತ್ತರ ನನಗೆ ಗೊತ್ತಿತ್ತು. ನಾನು "ನಂಗೆ ಓದೂಕೆ ಬರೂದಿಲ್ಲ ಸರ್" ಅಂದೆ. ಅದು ಸುಳ್ಳು. ಐದನೇ ಇಯತ್ತೆಗೆ ಶಾಲೆ ಬಿಟ್ಟದ್ದು ನಿಜ. ಆದರೆ ಓದಲು ಬರುತ್ತದೆ, ಬರೆಯಲೂ ಬರುತ್ತದೆ. ಇದನ್ನು ಬರೆಯುತ್ತಿರುವವಳೂ ನಾನೇ.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ನಾನು ಕಾರವಾರದ ಒಂದು ಕಾಲೇಜಿನ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದೆ. ಕಾಯಿ ತುರಿಯುವುದು, ಗ್ಲಾಸು ತೊಳೆಯುವುದು, ಚಾ ಒಯ್ದು ಕೊಡುವುದು. ಅದೇ ಕಾಲೇಜಿನಲ್ಲಿ ಎಂ.ಎ. ತರಗತಿಗಳೂ ಇದ್ದವು, ನನ್ನ ತಂಗಿ ಅಲ್ಲಿ ಓದುತ್ತಿದ್ದಳು. ನನಗಿಂತ ಏಳು ವರ್ಷಕ್ಕೆ ಚಿಕ್ಕವಳು. ಬೊಬ್ರುವಾಡದ ನಮ್ಮ ಮನೆಯಿಂದ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಟು ಅಂಕೋಲೆಯಲ್ಲಿ ಬಸ್ಸು ಹತ್ತುತ್ತಿದ್ದೆವು. ಕಾಲೇಜು ಮುಟ್ಟಿದ ಮೇಲೆ ಅವಳು ಮುಂದಿನ ಗೇಟಿನಿಂದ ಒಳಗೆ ಹೋಗುತ್ತಿದ್ದಳು, ನಾನು ಹಿಂದಿನ ಗೇಟಿನಿಂದ. ಅದು ನಾನೇ ಮಾಡಿಕೊಂಡ ಏರ್ಪಾಡು. ಅವಳಿಗೆ ನಾಚಿಕೆ ಏನೂ ಇರಲಿಲ್ಲ. ಗೆಳತಿಯರನ್ನು ಕರೆದುಕೊಂಡು ಬಂದು, "ಇವಳೇ ನಮ್ಮಕ್ಕ, ಚಾ ಚಲೋ ಮಾಡ್ತಾಳೆ" ಎಂದು ತೋರಿಸುತ್ತಿದ್ದಳು. ಉಳಿದವರಿಗೆಲ್ಲ ನಾನು 'ಮಾವಶಿ', ಅಂದರೆ ಚಿಕ್ಕಮ್ಮ. ಮೂವತ್ತು ತುಂಬುವ ಮೊದಲೇ ಮಾವಶಿ.

ಎಂ.ಎ. ಮಕ್ಕಳದ್ದು ಒಂದು ಸಂಘ ಇತ್ತು. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಜೊತೆ ಕಾರ್ಯದರ್ಶಿ. ಅದರ ಕೆಳಗೆ ಸ್ವಾಗತ ಸಮಿತಿ, ವೇದಿಕೆ ಸಮಿತಿ, ಊಟದ ಸಮಿತಿ. ಹೂಗುಚ್ಛ ಹಿಡಿದು ಗೇಟಿನ ಹತ್ತಿರ ನಿಲ್ಲಲು ಆರು ಜನ. ಕುರ್ಚಿ ಹೊರಲು ಒಬ್ಬರೂ ಇಲ್ಲ. ಉಪಾಧ್ಯಕ್ಷನನ್ನು ನಾನು ಕಂಡದ್ದು ವರ್ಷದಲ್ಲಿ ಎರಡೇ ಸಲ, ಎರಡೂ ಸಲ ಫೋಟೋ ತೆಗೆಯುವಾಗ. ನನ್ನ ತಂಗಿ ಜೊತೆ ಕಾರ್ಯದರ್ಶಿ. ಆ ಹುದ್ದೆಗೆ ಅರ್ಥ ಏನೆಂದರೆ ಉಳಿದವರು ಬಿಟ್ಟ ಕೆಲಸವನ್ನೆಲ್ಲ ಮಾಡುವುದು. ಪತ್ರ ಬರೆಯುವವಳು ಅವಳು, ಮೈಕಿನವನಿಗೆ ಹೇಳುವವಳು ಅವಳು, ಬ್ಯಾನರಿಗೆ ಹಗ್ಗ ಕಟ್ಟುವವಳೂ ಅವಳು. ಯಾವುದಾದರೂ ವರದಿ ಬರೆದರೆ ಬಸ್ಸಿನಲ್ಲಿ ನನ್ನ ಕೈಗೆ ಕೊಡುತ್ತಿದ್ದಳು. "ಅಕ್ಕ, ಗಟ್ಟಿ ಓದು. ನಿಂಗೆ ಎಲ್ಲಿ ತಡೀತದೋ ಅಲ್ಲಿ ನಾ ತಪ್ಪು ಬರ್ದೆ ಅಂತ ಅರ್ಥ." ನಾನು ಓದುತ್ತಿದ್ದೆ. ಕಾರವಾರಕ್ಕೆ ಮೊದಲು ಸಿಗುವ ಬಿಣಗಾ ದಾಟುವುದರೊಳಗೆ ಒಂದು ವರದಿ ಮುಗಿಯುತ್ತಿತ್ತು.

ಅವಳು ಮೈ ಮುರಿದು ದುಡಿದದ್ದಕ್ಕೆ ಒಂದು ಕಾರಣ ಇತ್ತು. ಓದು ಮುಗಿದ ಮೇಲೆ ಅಲ್ಲೇ ತಾತ್ಕಾಲಿಕ ಪಾಠದ ಕೆಲಸಕ್ಕೆ ತೆಗೆದುಕೊಳ್ಳುವ ಮಾತು ಇತ್ತು. ಸಂಘದ ಮೇಲ್ವಿಚಾರಣೆ ನೋಡುವ ಸರ್ ಬಾಯಿಬಿಟ್ಟು ಹೇಳಿದ್ದರು: "ನಿನ್ನ ಹೆಸರು ನಾನೇ ಬರೆದು ಕಳಿಸ್ತೇನೆ." ಅವಳು ಆ ಮಾತಿನ ಮೇಲೆ ಬದುಕುತ್ತಿದ್ದಳು.

ಅವರ ಸಭೆ ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ ನಡೆಯುತ್ತಿತ್ತು. ಸಭೆಗೆ ಒಂದು ಠರಾವು ಪುಸ್ತಕ. ಏನು ತೀರ್ಮಾನ ಆಯಿತು ಎಂದು ಅದರಲ್ಲಿ ಬರೆದು ಎಲ್ಲರೂ ಕೆಳಗೆ ಸಹಿ ಹಾಕಬೇಕು. ಆದರೆ ಅವರ ರೂಢಿ ಬೇರೆ. ಅಂಕೋಲೆ ಕಡೆಯ ಮಕ್ಕಳಿಗೆ ಐದರ ಬಸ್ಸು ಹಿಡಿಯುವ ಗಡಿಬಿಡಿ. ಹಾಗಾಗಿ ಸಭೆ ಶುರುವಾಗುವ ಮೊದಲೇ ಪುಸ್ತಕ ಸುತ್ತು ಬರುತ್ತಿತ್ತು. ಹಾಳೆ ಖಾಲಿ, ಕೆಳಗೆ ಎಂಟು ಹತ್ತು ಸಹಿ. ಮೇಲಿನದನ್ನು ಅಧ್ಯಕ್ಷ ಬಿಡುವಾದಾಗ ತುಂಬಿಸುತ್ತಿದ್ದ. "ನಾವೆಲ್ಲ ಒಂದೇ ಟೀಮ್ ಅಲ್ವಾ, ನಂಬಿಕೆ ಬೇಡ್ವಾ?" ಎನ್ನುತ್ತಿದ್ದ. ಆ 'ಟೀಮ್' ಎಂಬ ಮಾತು ಕೇಳಿದರೆ ನನಗೆ ಈಗಲೂ ಬಾಯಲ್ಲಿ ಹುಳಿ ನೀರು ಬರುತ್ತದೆ.

ವಾರ್ಷಿಕ ಸಮಾರಂಭದ ಮುಂಚಿನ ಸಭೆಗೆ ಚಾ ಒಯ್ದವಳು ನಾನೇ. ನನ್ನ ಟ್ರೇ ಇಡಲು ಜಾಗ ಬೇಕೆಂದು ತಂಗಿ ಪುಸ್ತಕವನ್ನು ಆಚೆ ಸರಿಸಿದಳು. ಹಾಳೆ ಖಾಲಿ ಇತ್ತು, ಎಲ್ಲರ ಸಹಿಯ ಕೊನೆಗೆ ಅವಳ ಗುಂಡು ಅಕ್ಷರದ ಸಹಿ ಇತ್ತು. ಆ ದಿವಸ ಊಟದ ಮಾತು ಬಂದಾಗ ಅಧ್ಯಕ್ಷನೇ ಹೇಳಿದ: "ಊಟ ನನಗೆ ಬಿಡಿ. ಅತಿಥಿಗಳು ಹತ್ತಕ್ಕೆ ಬರ್ತಾರೆ, ಹನ್ನೊಂದೂವರೆಗೆ ಊಟ. ಅಡುಗೆ ಎಂಟಕ್ಕೆ ತಯಾರಿರಬೇಕು."

ತಂಗಿ, "ಅಷ್ಟು ಬೇಗ ಬೇಡ. ಸೆಕೆ ದಿವಸ, ಕಾಯಿ ಹಾಕಿದ ಕುರ್ಮ ನಿಲ್ಲೂದಿಲ್ಲ" ಅಂದಳು.

"ಅಂಕೋಲೆಯವರಿಗೆ ಬರೀ ಕಾಯಿ ಚಿಂತೆ" ಎಂದ ಅವನು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಸಮಾರಂಭದ ದಿವಸ ಕ್ಯಾಂಟೀನಿನಲ್ಲಿ ಎಂಟಕ್ಕೆ ಅಡುಗೆ ಇಳಿಯಿತು. ಪಲಾವ್, ಕುರ್ಮ, ಶಿರಾ. ಹತ್ತಕ್ಕೆ ಬರಬೇಕಾದ ಅತಿಥಿ ಹನ್ನೆರಡಾದರೂ ಬರಲಿಲ್ಲ. ತಂಗಿ ಕ್ಯಾಂಟೀನಿಗೆ ಓಡಿ ಬಂದು, "ಅಕ್ಕ, ಮುಚ್ಚಳ ತೆಗ್ದಿಡು, ಹಬೆ ಹೋಗಲಿ. ಹುಡುಗ್ರಿಗೆ ಬಡಿಸಿಬಿಡ್ವ" ಅಂದಳು. ನಾನು ಮುಚ್ಚಳ ತೆಗೆದೆ. ಅವಳು ಆಚೆ ಹೋದದ್ದೇ ಅಧ್ಯಕ್ಷ ಬಂದ. "ಯಾರು ತೆಗೆದದ್ದು? ನೊಣ ಕೂತ್ಕೊಳ್ತದೆ, ಅತಿಥಿಗಳು ನೋಡಿದ್ರೆ ಏನಂತಾರೆ? ಅವರು ಉಣ್ಣದೆ ಒಂದು ತಟ್ಟೆಯೂ ಹಾಕೂದಿಲ್ಲ." ನಾನು ಮುಚ್ಚಿದೆ. ಗಾಳಿಗೆ ಸರಿಯದಂತೆ ಮೇಲೊಂದು ಕಲ್ಲನ್ನೂ ಇಟ್ಟೆ. ನಾನೇ, ಈ ಕೈಯಿಂದ.

ಅತಿಥಿ ಬಂದದ್ದು ಎರಡೂವರೆಗೆ. ಬಂದವರಿಗೆ ನಮ್ಮ ಪಲಾವ್ ಬೇಕಾಗಿರಲಿಲ್ಲ. ಅವರಿಗೆ ಹೋಟೆಲಿನಿಂದ ಬಂಗಡೆ ಫ್ರೈ, ಅನ್ನ, ಸೋಲ್ ಕಡಿ ತರಿಸಿ ಬೇರೆ ಕೋಣೆಯಲ್ಲಿ ಬಾಳೆಲೆ ಹಾಕಿದ್ದರು. ಸ್ವಾಗತ ಸಮಿತಿಯ ಆರೂ ಜನ ಸುತ್ತ ನಿಂತು ಅವರು ಉಣ್ಣುವುದನ್ನು ನೋಡುತ್ತಿದ್ದರು. ಅವರು ಕೈ ತೊಳೆದು ವೇದಿಕೆಯಲ್ಲಿ ನಾಲ್ಕು ಮಾತು ಆಡಿದ ಮೇಲೆ, ಮೂರೂವರೆಗೆ, ಮಕ್ಕಳ ಪಾತ್ರೆಯ ಮುಚ್ಚಳ ತೆಗೆದರು. ವಾಸನೆ ನನಗೆ ಬಂತು. ಪಲಾವಿನದ್ದೂ ಕುರ್ಮದ್ದೂ ಹುಳಿ ವಾಸನೆ, ಹಸಿ ಕಾಯಿ ಹಳಸಿದಾಗ ಬರುವಂಥದ್ದು, ಕುರ್ಮಕ್ಕೆ ಸೌಟು ತಿರುವಿದರೆ ನೂಲು ನೂಲು. ಅಧ್ಯಕ್ಷನಿಗೂ ಬಂದಿರಬೇಕು, ಮೂಗಿನ ಮೇಲೆ ಕರವಸ್ತ್ರ ಹಿಡಿದು, "ಕುರ್ಮ ಕುದಿಸಿ ಪಲಾವ್ ಮೇಲೆ ಹಾಕಿ ಕೊಡು ಮಾವಶಿ, ಗೊತ್ತಾಗೂದಿಲ್ಲ" ಅಂದ. ನಾನು ಕುರ್ಮವನ್ನು ಕುದಿಸಿ ಹಾಕಿದೆ. ತಂಗಿ ಆ ಹೊತ್ತಿಗೆ ವೇದಿಕೆಯ ಮೇಲೆ ವಂದನಾರ್ಪಣೆ ಮಾಡುತ್ತಿದ್ದಳು. ಉಪಾಧ್ಯಕ್ಷನ ಹೆಸರನ್ನೂ ಬಿಡದೆ ಹೇಳಿದಳು.

ಸಂಜೆಯೊಳಗೆ ಅಂಗಳದ ತುಂಬ ವಾಂತಿ. ನಲ್ಲಿಯ ಬುಡದಲ್ಲಿ, ಮೆಟ್ಟಿಲ ಮೇಲೆ, ಹೂವಿನ ಕುಂಡದೊಳಗೆ. ಶಿರವಾಡದ ಒಂದು ಹುಡುಗಿಗೆ ಆಸ್ಪತ್ರೆಯಲ್ಲಿ ಎರಡು ದಿನ ಸಲಾಯಿನ್ ಹಾಕಿದರು. ಸಮಿತಿಯವರು ಒಬ್ಬೊಬ್ಬರಾಗಿ ಮಾಯವಾದರು. ಬಕೆಟು ಹಿಡಿದು ತೊಳೆದವರು ನಾವಿಬ್ಬರೇ, ಅವಳು ಸೀರೆ ಎತ್ತಿ ಕಟ್ಟಿ, ನಾನು ಪೊರಕೆ ಹಿಡಿದು. ಆ ವಾಸನೆಗೆ ನನಗೆ ಹೇಸಿಗೆ ಆಗಲಿಲ್ಲ. ಅದಕ್ಕಿಂತ ಹೇಸಿಗೆಯದ್ದು ಎರಡು ದಿನ ಬಿಟ್ಟು ಕಂಡೆ.

ಆ ದಿವಸ ಅಧ್ಯಕ್ಷ ಠರಾವು ಪುಸ್ತಕ ತಂದು ಕ್ಯಾಂಟೀನಿನ ಮೇಜಿನ ಮೇಲೆ ಬಿಚ್ಚಿಕೊಂಡು ಕೂತ. ಕೆಳಗೆ ಸಹಿಗಳು ಮೊದಲೇ ಇದ್ದವು, ಮೇಲೆ ಈಗ ಬರೆಯುತ್ತಿದ್ದ. ನಾನು ಮೇಜು ಒರೆಸುತ್ತ ಓದಿದೆ: 'ಊಟದ ಸಂಪೂರ್ಣ ಜವಾಬ್ದಾರಿ ಜೊತೆ ಕಾರ್ಯದರ್ಶಿಯವರದು. ಅಡುಗೆ ಯಾವಾಗ ಆಗಬೇಕು, ಯಾವಾಗ ಬಡಿಸಬೇಕು ಎಂಬುದನ್ನು ಅವರೇ ತೀರ್ಮಾನಿಸತಕ್ಕದ್ದು.' ನಡುನಡುವೆ ಚಕ್ಕುಲಿ ಮುರಿದು ತಿನ್ನುತ್ತಿದ್ದ. ಒರೆಸುವ ಬಟ್ಟೆ ನಿಂತದ್ದನ್ನು ಕಂಡು ತಲೆ ಎತ್ತಿದ.

"ಮಾವಶಿ, ನಿಂಗೆ ಓದೂಕೆ ಬರ್ತದಾ?"

"ನಂಗೆಲ್ಲಿ ಬರ್ತದೆ" ಎಂದು ನಕ್ಕೆ.

"ಬಾರದಿದ್ರೆ ಅಡ್ಡಿಲ್ಲ. ಹಾಂ, ಆ ಪಾತ್ರೆಗೆ ಮುಚ್ಚಳ ಹಾಕಿ ಕಲ್ಲು ಇಟ್ಟದ್ದು ನೀನೇ ಅಲ್ವಾ? ನಿಮ್ಮ ಕ್ಯಾಂಟೀನಿನ ಮಾಲಕರಿಗೆ ನಾನಿನ್ನೂ ಹೇಳಲಿಲ್ಲ."

ಸಂಜೆ ಬಸ್ಸಿನಲ್ಲಿ ತಂಗಿಗೆ ಎಲ್ಲ ಹೇಳಿದೆ, ಅವನು ಬರೆದದ್ದನ್ನು ಶಬ್ದಕ್ಕೆ ಶಬ್ದ. ಕಡೆಗೆ ಅವನು ನನ್ನನ್ನು ಕೇಳಿದ ಆ ಎರಡು ಪ್ರಶ್ನೆ ಮಾತ್ರ ಹೇಳಲಿಲ್ಲ. ಅವಳು, "ಹೆದ್ರಬೇಡ ಅಕ್ಕ. ವಿಚಾರಣೆಗೆ ಕರ್ದಾಗ ನೀ ಕಂಡದ್ದನ್ನ ಕಂಡಾಂಗೆ ಹೇಳು. ಅಷ್ಟೇ ಸಾಕು" ಅಂದಳು.

"ಹೇಳ್ತೆ" ಅಂದೆ.

ವಿಚಾರಣೆ ಸಂಘದ ಸರ್ ಕೋಣೆಯಲ್ಲಿ. ಮೇಜಿನ ಮೇಲೆ ಪುಸ್ತಕ. ನಾನು ಒಳಗೆ ಹೋದಾಗ ತಂಗಿ ಹೇಳುತ್ತಿದ್ದಳು, "ಸಹಿ ಹಾಕುವಾಗ ಹಾಳೆ ಖಾಲಿ ಇತ್ತು ಸರ್. ನಮ್ಮಕ್ಕ ನೋಡಿದ್ದಾಳೆ. ಆಮೇಲೆ ಇವರು ತುಂಬಿಸಿದ್ದನ್ನೂ ನೋಡಿದ್ದಾಳೆ."

"ಸ್ವಂತ ಅಕ್ಕ ಸರ್, ಹೇಳದೆ ಇರ್ತಾಳಾ?" ಎಂದ ಅಧ್ಯಕ್ಷ. ಖಾಲಿ ಹಾಳೆಗೆ ಸಹಿ ಹಾಕಿದ ಉಳಿದ ಎಂಟು ಜನ ಗೋಡೆಗೆ ಸಾಲಾಗಿ ನಿಂತಿದ್ದರು. ಎಲ್ಲರೂ ನೆಲ ನೋಡುತ್ತಿದ್ದರು. ನಾಲ್ಕು ದಿನದ ಹಿಂದೆ ಆ ಎಂಟೂ ಜನರ ಹೆಸರು ಹೇಳಿ ಧನ್ಯವಾದ ಹೇಳಿದವಳು ಅಲ್ಲಿ ಒಬ್ಬಳೇ ನಿಂತಿದ್ದಳು.

ಸರ್ ನನ್ನ ಕಡೆ ಪುಸ್ತಕ ತಿರುಗಿಸಿದರು. "ಈ ಹಾಳೆಯಲ್ಲಿ ಇವನು ಏನು ಬರೀತಿದ್ದ, ಯಾವಾಗ ಬರೀತಿದ್ದ, ನೀನು ನೋಡಿದ್ಯೇನಮ್ಮ?"

ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಅದೊಂದೇ ಅಲ್ಲ. ಹಾಳೆಯ ಮಾತು ಎತ್ತಿದರೆ ಮುಚ್ಚಳದ ಮಾತು ಬರುತ್ತದೆ, ಮುಚ್ಚಳದ ಮಾತು ಬಂದರೆ ಹಳಸಿದ್ದು ಗೊತ್ತಿದ್ದೂ ಬಡಿಸಿದ ಕೈ ಯಾರದು ಎಂದು ತಂಗಿಗೆ ತಿಳಿಯುತ್ತದೆ. ಅವಳ ಕಣ್ಣಿನ ಮುಂದೆ ಒಳ್ಳೆಯವಳಾಗಿ ಉಳಿಯಲು ನಾನು ಅವಳನ್ನೇ ಕೊಟ್ಟುಬಿಟ್ಟೆ.

"ನಂಗೆ ಓದೂಕೆ ಬರೂದಿಲ್ಲ ಸರ್."

ಯಾರೋ ಗೋಡೆಯ ಹತ್ತಿರ ಉಸಿರು ಬಿಟ್ಟರು. ತಂಗಿ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಕೇಳಿದ್ದು ಸರಿಯಾಗಿ ಕೇಳಿಸಲಿಲ್ಲವೇನೋ ಎಂಬ ಹಾಗೆ ನೋಡಿದಳು. ಮೆತ್ತಗೆ ಕೇಳಿದಳು: "ಖಾಲಿ ಹಾಳೆ ನೋಡೂಕೆ ಓದು ಬೇಕನೇ ಅಕ್ಕ?"

"ನಂಗೆ ಅದೆಲ್ಲ ತಿಳಿಯೂದಿಲ್ಲ" ಅಂದೆ.

ಅವಳನ್ನು ಸಮಿತಿಯಿಂದ ತೆಗೆದರು. ನೋಟೀಸು ಹಲಗೆಯ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಬಿಳಿ ಕಾಗದದ ಒಂದು ಪಟ್ಟಿ ಅಂಟಿಸಿದರು. ಪಾಠದ ಕೆಲಸಕ್ಕೆ ಬರೆದು ಕಳಿಸುವ ಮಾತನ್ನು ಆ ಸರ್ ಮತ್ತೆ ಎತ್ತಲಿಲ್ಲ. ಪರೀಕ್ಷೆಯಲ್ಲಿ ಅವಳು ಚಲೋ ಅಂಕ ತೆಗೆದಳು, ಆದರೆ ಆ ಕೆಲಸಕ್ಕೆ ಕರೆ ಬರಲಿಲ್ಲ. ವಿಚಾರಣೆಯ ಮಾರನೇ ದಿನ ಅಧ್ಯಕ್ಷ ಕ್ಯಾಂಟೀನಿಗೆ ಬಂದು, "ಒಂದು ಕಡಕ್ ಚಾ ಕೊಡು ಮಾವಶಿ" ಎಂದು ಕಣ್ಣು ಮಿಟುಕಿಸಿದ. ನಾನು ಮಾಡಿ ಕೊಟ್ಟೆ. ಶುಂಠಿ ಜಜ್ಜಿ ಹಾಕಿದೆ, ಯಾರೂ ಹೇಳದೆ. ಅವನ ಮೇಲೆ ಬಂದಷ್ಟೇ ಅಸಹ್ಯ ಆ ಶುಂಠಿ ಜಜ್ಜಿದ ಕೈಯ ಮೇಲೂ ಬಂತು.

ತಂಗಿ ನನ್ನೊಂದಿಗೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಸಲೀಸಾಗುತ್ತಿತ್ತು. ಪಲ್ಯಕ್ಕೆ ಉಪ್ಪು ಸಾಲದು ಎನ್ನುತ್ತಿದ್ದಳು, ಬಸ್ಸು ತಡ ಎನ್ನುತ್ತಿದ್ದಳು. ಓದಲು ಏನನ್ನೂ ಕೊಡುವುದನ್ನು ಮಾತ್ರ ನಿಲ್ಲಿಸಿದಳು. ಒಂದು ವರ್ಷದ ಮೇಲೆ ನಾನು ಆ ಕ್ಯಾಂಟೀನಿನ ಕೆಲಸ ಬಿಟ್ಟೆ. ಅವಳು ಅಂಕೋಲೆಯ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸಲು ಸೇರಿದಳು. ಈ ನಡುವೆ ಐದಾರು ವರ್ಷ ಹೋಯಿತು.

ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಅಂಕೋಲೆಯ ಮೀನು ಪೇಟೆಯಲ್ಲಿದ್ದೆವು. ನಾನು ಶೆಟ್ಲಿ, ಅಂದರೆ ಸಿಗಡಿ, ಆರಿಸುತ್ತಿದ್ದೆ. ಅವಳ ಜೊತೆ ಎಂ.ಎ. ಓದಿದ ಒಬ್ಬಳು ಎದುರು ಬಂದಳು, ಸಂಗಡ ಗಂಡ. ಗುರುತು ಹಿಡಿದು ನಗುತ್ತ ಗಂಡನಿಗೆ ಹೇಳಿದಳು, "ಇವಳೇ ನೋಡಿ, ನಮಗೆಲ್ಲ ಹಳಸಿದ ಪಲಾವ್ ತಿನ್ನಿಸಿದವಳು. ಮಾರಾಯ್ತಿ, ಈಗಲೂ ಪಲಾವ್ ಕಂಡ್ರೆ ನಿನ್ನ ನೆನಪಾಗ್ತದೆ."

ತಂಗಿ ನಕ್ಕಳು. "ಹೌದು, ನಾನೇ" ಅಂದಳು.

ಅವಳು ಅದನ್ನು ಹೇಳಿದ ರೀತಿ ನನಗೆ ತಡೆಯಲಾಗಲಿಲ್ಲ. ವಾದ ಇಲ್ಲ, ಬೇಜಾರಿಲ್ಲ, ಊರು ಯಾವುದು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ನಾನು ಕೈಯಲ್ಲಿದ್ದ ಶೆಟ್ಲಿಯನ್ನು ಬುಟ್ಟಿಗೆ ಹಾಕಿ ಎದ್ದು ನಿಂತೆ.

"ಅವಳಲ್ಲ" ಅಂದೆ. ಧ್ವನಿ ಜೋರಾಗಿಯೇ ಬಂತು, ಮೀನು ಮಾರುವವರು ತಿರುಗಿ ನೋಡಿದರು. "ಬಡಿಸಿದ್ದು ನಾನು. ಹಳಸಿದ್ದು ನಂಗೆ ಗೊತ್ತಿತ್ತು. ಮುಚ್ಚಳ ಹಾಕಿದ್ದೂ ನಾನೇ, ನಿಮ್ಮ ಅಧ್ಯಕ್ಷ ಹೇಳ್ದ ಅಂತ. ಇವಳು ತೆಗಿ ಅಂದಿದ್ಲು."

ತಂಗಿ ನನ್ನ ರಟ್ಟೆ ಹಿಡಿದು, "ಬಿಡೆ ಅಕ್ಕ, ಎಲ್ಲರೂ ನೋಡ್ತರು, ನಡಿ" ಅಂದಳು. ನಾನು ನಡೆಯಲಿಲ್ಲ. ಅವಳ ಮುಖ ನೋಡಿಕೊಂಡೇ ಹೇಳಿದೆ:

"ಆ ಹಾಳೆ ಖಾಲಿ ಇತ್ತು. ನಾ ಕಂಡಿದ್ದೆ. ಅವ ಬರ್ದದ್ದನ್ನ ಓದಿದ್ದೆ. ನಿನ್ನ ಎದುರಿಗೇ ಸುಳ್ಳು ಹೇಳ್ದೆ. ನನ್ನಿಂದ ನಿನ್ನ ಹೆಸರು ಹೋಯ್ತು, ಕೆಲಸ ಹೋಯ್ತು. ತಪ್ಪಾಯ್ತೆ ತಂಗಿ. ನಂದು ತಪ್ಪಾಯ್ತು."