ಮುಂದಿನ ಸಂಚಿಕೆಗೆ ಕಾದ ಚಂದಾದಾರ

ಪತ್ರಿಕೆ ತರಬೇಕೆನ್ನುವವರಿಗೆ ನನ್ನದೊಂದು ಬುದ್ಧಿಮಾತು: ಓದುಗರನ್ನು ಕಾಯಿಸಬಹುದು, ಆದರೆ ಕೈಯಲ್ಲಿ ಸರಕಿಲ್ಲದೆ ಕಾಯಿಸಬೇಡಿ.

ಅರವತ್ತರ ದಶಕದ ಕೊನೆಗೆ ಶಿವಾಜಿನಗರದಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಿಂದ ನಾನು ಪುಸ್ತಕ ವಿಮರ್ಶೆಯ ಮಾಸಪತ್ರಿಕೆ ತರುತ್ತಿದ್ದೆ. ಬರೆಯುವವನು, ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸುವವನು, ಸೈಕಲ್ಲಿನಲ್ಲಿ ಹಂಚುವವನು ಎಲ್ಲವೂ ನಾನೇ. ಕ್ಷೌರದಂಗಡಿಗಳಲ್ಲಿ ಬಿಟ್ಟಿ ಪ್ರತಿ ಇಟ್ಟರೆ ಅದರಲ್ಲಿ ಸೋಪಿನ ನೊರೆ ಒರೆಸಿದರು.

ಆಗ ಒಂದು ಉಪಾಯ ಹೂಡಿದೆ. ಎಲ್ಲರ ಕೈಯಲ್ಲೂ ಓಡಾಡುತ್ತಿದ್ದ ಪತ್ತೇದಾರಿ ಕಾದಂಬರಿಯೊಂದನ್ನು ವಿಮರ್ಶಿಸಿ, ‘ಇದರಲ್ಲಿ ಲೇಖಕರು ದೊಡ್ಡದೊಂದು ತಪ್ಪು ಮಾಡಿದ್ದಾರೆ. ಯಾವುದೆಂದು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ’ ಎಂದು ನಿಲ್ಲಿಸಿಬಿಟ್ಟೆ. ನಿಜವಾಗಿ ನನಗೆ ಯಾವ ತಪ್ಪೂ ಕಂಡಿರಲಿಲ್ಲ. ತಿಂಗಳಿದೆಯಲ್ಲ, ಏನಾದರೂ ಸಿಕ್ಕೀತು ಎಂಬ ಧೈರ್ಯ. ಜನ ರಸ್ತೆಯಲ್ಲಿ ನನ್ನ ಸೈಕಲ್ ನಿಲ್ಲಿಸಿ ಚಂದಾ ಕೊಟ್ಟರು.

ಮೂರನೆಯ ವಾರ, ಮಧ್ಯಾಹ್ನ, ತಲೆ ಬೋಳಿಸಿಕೊಂಡವನೊಬ್ಬ ಮೆಟ್ಟಿಲು ಹತ್ತಿ ಬಂದ.

“ಪತ್ರಿಕೆಯವರು ನೀವೇನಾ? ನಮ್ಮಣ್ಣ ನಿಮ್ಮ ಚಂದಾದಾರ. ಹೋಗ್ಬಿಟ್ಟ. ಇವತ್ತು ಹನ್ನೊಂದನೇ ದಿನ. ಎಡೆ ಇಟ್ಟು ಬೆಳಗ್ಗೆಯಿಂದ ಕೂತಿದ್ದೀವಿ, ಕಾಗೆ ಮುಟ್ತಾನೇ ಇಲ್ಲ.”

“ಅದಕ್ಕೆ ನಾನೇನ್ರೀ ಮಾಡ್ಲಿ?”

“ಆ ತಪ್ಪು ಯಾವ್ದು ಅಂತ ಹೇಳ್ಬಿಡಿ. ಅವನಿಗೆ ಅದೊಂದೇ ಆಸೆ ಉಳ್ದಿದ್ದು ಅಂತಾರೆ ಅತ್ತಿಗೆ. ನೆಂಟರೆಲ್ಲ ಹಸ್ಕೊಂಡು ಕೂತಿದ್ದಾರೆ, ಬನ್ನಿ.”

ಹಲಸೂರು ಕೆರೆಯ ಹತ್ತಿರದ ಮನೆ. ತಾರಸಿಯ ಮೇಲೆ ಬಾಳೆಲೆ, ಅನ್ನ, ವಡೆ, ಪಾಯಸ. ಗೋಡೆಯುದ್ದಕ್ಕೂ ಸಾಲಾಗಿ ಕಾಗೆಗಳು. ಒಂದೂ ಕೂಗುತ್ತಿರಲಿಲ್ಲ, ಒಂದೂ ಎಲೆಯತ್ತ ನೋಡುತ್ತಿರಲಿಲ್ಲ. ನಾನು ಮೆಟ್ಟಿಲು ಮುಗಿಸುತ್ತಿದ್ದಂತೆ ಅಷ್ಟೂ ಕತ್ತುಗಳು ನನ್ನ ಕಡೆ ತಿರುಗಿದವು.

ತೀರಿಕೊಂಡವರ ಹೆಂಡತಿ ಆ ಕಾದಂಬರಿಯನ್ನು ಎದೆಗೊತ್ತಿಕೊಂಡು ನಿಂತಿದ್ದರು. “ಆಸ್ಪತ್ರೇಲೂ ನಮ್ಮೋರು ಆ ತಪ್ಪು ಹುಡುಕ್ತಾನೇ ಇದ್ರು. ಕೊನೇ ದಿನಾನೂ ‘ಹೊಸ ಸಂಚಿಕೆ ಬಂತೇನೇ’ ಅಂದ್ರು. ಹೇಳ್ಬಿಡಿ.”

ವ್ಯಾಪಾರದ ಬುದ್ಧಿ ಎಲ್ಲಿಗೆ ಹೋದೀತು? ಗಂಟಲು ಸರಿಮಾಡಿಕೊಂಡು, “ರೈಲು ಬರೋ ಹೊತ್ತು ತಾಳೆ ಆಗಲ್ಲ, ಅದೇ ತಪ್ಪು” ಎಂದೆ. ಕಾಗೆಗಳು ಕದಲಲಿಲ್ಲ. ಆಕೆ ಪುಟ ತಿರುವಿ ನನ್ನ ಮುಂದೆ ಹಿಡಿದರು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿತ್ತು: ‘ರೈಲಿನ ಹೊತ್ತು ಸರಿಯಿದೆ. ಇದಲ್ಲ.’

“ಹಾಗಾದ್ರೆ... ಬೀಗದ ಕೈ. ಅದು ಕಥಾನಾಯಕಿ ಹತ್ರ ಹೇಗೆ ಬಂತು?”

ಮತ್ತೊಂದು ಪುಟ. ‘ಬೀಗದ ಕೈ ತಾಯಿ ಕೊಟ್ಟದ್ದು. ಇದೂ ಅಲ್ಲ.’

“ಬೇರೆ ಏನಾದ್ರೂ ಹೇಳಿ ಸ್ವಾಮಿ,” ಎಂದರು ಮೂಲೆಯಲ್ಲಿ ಕೂತಿದ್ದ ಮುದುಕರು, “ಅವನು ಇಂಥದ್ದಕ್ಕೆಲ್ಲ ಒಪ್ಪೋ ಗಿರಾಕಿ ಅಲ್ಲ.”

ಯಾರೂ ನಗಲಿಲ್ಲ. ಎಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಹೆಂಡತಿಗೂ ತಮ್ಮನಿಗೂ ಅಲ್ಲ, ಆ ಅನ್ನಕ್ಕೇ ಹೇಳಿದೆ: “ತಪ್ಪೇ ಇಲ್ಲ ಸ್ವಾಮಿ. ಪತ್ರಿಕೆ ಖರ್ಚಾಗ್ಲಿ ಅಂತ ಸುಳ್ಳು ಬರೆದೆ. ನೀವು ಹುಡುಕಿದ್ದು ಸರಿ, ಅಲ್ಲಿ ಏನೂ ಇರ್ಲಿಲ್ಲ.”

ರೆಕ್ಕೆ ಬಡಿದ ಗಾಳಿ ಕೆನ್ನೆಗೆ ತಾಗಿತು. ಒಂದೇ ಒಂದು ಕಾಗೆ ಇಳಿದು, ನನ್ನ ಮೊಣಕಾಲಿನ ಪಕ್ಕದಲ್ಲೇ ನಿಂತು ಅನ್ನ ತಿಂದಿತು. ಉಳಿದವು ಆಮೇಲೆ ಬಂದವು.

ಕೆಳಗೆ ಪಂಕ್ತಿಯಲ್ಲಿ ನನ್ನನ್ನೂ ಕೂರಿಸಿ ಬಡಿಸಿದರು. ಹೊರಡುವಾಗ ಆಕೆ, “ಪತ್ರಿಕೆ ಅವರ ಹೆಸರಿಗೇ ಬರ್ಲಿ ಅಣ್ಣ” ಎಂದರು.

ಮುಂದಿನ ಸಂಚಿಕೆಯಲ್ಲಿ ನನ್ನ ಸುಳ್ಳನ್ನು ನಾನೇ ಅಚ್ಚುಹಾಕಿದೆ. ಬಹಳ ಜನ ಬಿಟ್ಟುಹೋದರು, ಹೋಗಲಿ. ಆ ಮನೆಗೆ ಮಾತ್ರ ಪತ್ರಿಕೆ ನಿಲ್ಲುವ ತನಕ ನಾನೇ ತಲುಪಿಸಿದೆ. ಪ್ರತಿ ತಿಂಗಳೂ ಬಾಗಿಲಲ್ಲಿ ಆಕೆ ಕೇಳುತ್ತಿದ್ದುದು ಒಂದೇ: “ಈ ಸಲ ಪೂರ್ತಿ ಬರ್ದಿದ್ದೀರಾ?”

“ಪೂರ್ತಿ ಇದೆಯಮ್ಮ.”

ಪತ್ರಿಕೆ ತೆಗೆದುಕೊಂಡು ಅವರು ತಾರಸಿಗೆ, ಎಡೆ ಇಟ್ಟಿದ್ದ ಜಾಗಕ್ಕೆ ಹೋಗುತ್ತಿದ್ದರು. ಬರಿಗೈಯಲ್ಲಿ ಇಳಿದು ಬರುವವರೆಗೂ ನಾನು ಸೈಕಲ್ ಹತ್ತುತ್ತಿರಲಿಲ್ಲ.