ಪೂಲವ್ವನ ಮೊಮ್ಮಗಳು

ನಮ್ಮ ಚಂದ್ರವ್ವ ತೊಡುತ್ತಿದ್ದ ಕುಬಸಗಳೆಲ್ಲ ದೇವರ ಮುಂದಿನಿಂದ ಎತ್ತಿಕೊಂಡು ಬಂದ ಖಣದವು. ಕದ್ದು ತಂದದ್ದಲ್ಲ ಮತ್ತೆ. ಹಾಡಹಗಲು, ಹತ್ತು ಮಂದಿ ನೋಡುತ್ತಿರುವಾಗ, ಹಳ್ಳದ ಸೇತುವೆಯ ಹತ್ತಿರ ಕುಂಕುಮ ಬಳಿದು ನಿಲ್ಲಿಸಿದ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಂಗಸರು ಉಡಿ ತುಂಬಿ ಹೋದ ಖಣಗಳನ್ನು ಒಂದೊಂದೇ ಕೊಡವಿ ನೋಡಿ, ಅಂಚು ಮನಸ್ಸಿಗೆ ಬಂದದ್ದನ್ನು ಬಗಲಿಗಿಟ್ಟುಕೊಂಡು ಮನೆಗೆ ಬರುತ್ತಿದ್ದಳು. ಕಾಯಿಯ ಹೋಳು ಇದ್ದರೆ ಅದೂ ಬರುತ್ತಿತ್ತು, ಸಂಜೆಗೆ ಚಟ್ನಿಯಾಗುತ್ತಿತ್ತು. ಯಾರಾದರೂ "ಯವ್ವಾ, ದೇವರಿಗೆ ಕೊಟ್ಟದ್ದ ಅದು" ಎಂದರೆ ಮುಗಿಯಿತು.

"ಯಾವ ದೇವ್ರು? ಅಕಿ ನಮ್ಮ ಆಯಿ! ಆಯಿ ಖಣ ಮೊಮ್ಮಗಳು ತೊಟ್ಟರ ನಿಮ್ಮ ಗಂಟೇನ್ ಹೋತು?"

ಆ ಸೇತುವೆಯ ಕಥೆ ಹೇಳದೆ ಚಂದ್ರವ್ವನ ಕಥೆ ಹೇಳಲಿಕ್ಕೆ ಬರುವುದಿಲ್ಲ. ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ, ಇರಲಿ. ಹೂವಿನ ಹಿಪ್ಪರಗಿ ಕಡೆಯಿಂದ ಬಾಗೇವಾಡಿಗೆ ಹೋಗುವ ಹಾದಿಯಲ್ಲಿ ನಮ್ಮ ಊರು. ಊರಿಗೂ ಹಾದಿಗೂ ನಡುವೆ ಹಳ್ಳ. ಹಳ್ಳಕ್ಕೆ ಇಂಗ್ರೇಜರ ಕಾಲದಲ್ಲಿ ಕಟ್ಟಿದ ಕರಿಕಲ್ಲಿನ ಕಮಾನು ಸೇತುವೆ. ನಮ್ಮ ಮಂದಿ ಅದಕ್ಕೆ ಪೂಲು ಎನ್ನುತ್ತಾರೆ. ಕಟ್ಟುವಾಗ ನಡುವಿನ ಕಮಾನು ಮತ್ತೆ ಮತ್ತೆ ಬಿತ್ತಂತೆ. ಗುತ್ತೇದಾರನ ಕನಸಿನಲ್ಲಿ ಹಳ್ಳವೇ ಬಂದು ತುಂಬು ಬಸುರಿಯೊಬ್ಬಳನ್ನು ಕೇಳಿತಂತೆ. ನೀಲವ್ವ ಎಂಬ ಊರ ಸೊಸೆ, ಚೊಚ್ಚಲ ಬಸುರಿ, ನಗುನಗುತ್ತ ಬುನಾದಿಗೆ ಇಳಿದಳಂತೆ. ಅವತ್ತು ನಿಂತ ಕಮಾನು ಇವತ್ತಿಗೂ ಅಲುಗಿಲ್ಲವಂತೆ. ಬರೀ ಅಂತೆ. ಆ ನೀಲವ್ವನೇ ಈಗ ಪೂಲವ್ವ. ಹೊಸದಾಗಿ ಬಂದ ಸೊಸೆ ಚಕ್ಕಡಿಯಿಂದ ಇಳಿದು ಆಕೆಗೆ ಉಡಿ ತುಂಬಿಯೇ ಊರೊಳಗೆ ಕಾಲಿಡಬೇಕು. ಬಸುರಿಯಾದವಳು ಮಾತ್ರ ಪೂಲು ದಾಟಕೂಡದು, ದಾಟಿದರೆ ಪೂಲವ್ವ ಜೊತೆಗೆ ಬೇಕೆಂದು ಎಳೆದುಕೊಳ್ಳುತ್ತಾಳೆ.

ನಾನು ಸಾಲೋಟಗಿಯ ಹುಡುಗಿ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು, ಈ ಊರಿಗೆ ಸೊಸೆಯಾಗಿ ಬಂದೆ. ಪೂಲಿನ ತುದಿಗೆ ಚಕ್ಕಡಿ ನಿಲ್ಲಿಸಿದರು. ನಮ್ಮ ಅತ್ತೆ ನನ್ನ ಕೈಯಲ್ಲಿ ತವರಿನಿಂದ ಬಂದ ಹಸಿರು ಖಣ, ಐದು ಉತ್ತತ್ತಿ, ಅಡಿಕೆ ಕೊಟ್ಟು ಕಲ್ಲಿನ ಮುಂದೆ ಇಡಿಸಿದರು. ನಾನು ಬಗ್ಗಿ ನಮಸ್ಕಾರ ಮಾಡಿ ಏಳುವುದರೊಳಗೆ ಹಿಂದಿನಿಂದ ಒಂದು ಕೈ ಬಂದು ಖಣ ಎತ್ತಿಕೊಂಡಿತು. ಎತ್ತರದ, ಒಣಗಿದ ಮೈಯ, ಹಣೆ ಬರಿದಾದ ಮುದುಕಿ. "ಬಣ್ಣ ಚಲೋ ಐತಿ. ಸಾಲೋಟಗಿ ಮಂದಿ ಕೈ ದೊಡ್ಡದು" ಎಂದಳು. ಆಮೇಲೆ ನನ್ನ ಗದ್ದ ಹಿಡಿದು ಎತ್ತಿ ನೋಡಿ, "ಅಂಜಬ್ಯಾಡ ತಂಗಿ. ಇದ್ರಾಗ ಯಾರೂ ಸತ್ತಿಲ್ಲ" ಎಂದು ಹೊರಟೇಹೋದಳು. ನಮ್ಮ ಅತ್ತೆ ಹಲ್ಲು ಕಡಿದರು. ಮನೆಗೆ ಬಂದ ಮೇಲೆ ಗೊತ್ತಾಯಿತು, ನಮ್ಮ ಮನೆಯ ಮಗ್ಗುಲ ಮನೆಯೇ ಆಕೆಯದು.

ಗಂಡ ತೀರಿ ಬಹಳ ಕಾಲವಾಗಿತ್ತು. ಒಬ್ಬ ಮಗಳು, ಮುದ್ದೇಬಿಹಾಳಕ್ಕೆ ಕೊಟ್ಟಾಗಿತ್ತು. ಚೂರು ಹೊಲ, ಒಂದು ಎಮ್ಮೆ, ಊರಿಗೆಲ್ಲ ಕೇಳುವ ಗಂಟಲು. ಮಧ್ಯಾಹ್ನ ನಮ್ಮ ಕಟ್ಟೆಗೆ ಬಂದು ನನ್ನ ಜೊತೆ ಶೇಂಗಾ ಒಡೆಯುತ್ತ ಕೂರುತ್ತಿದ್ದಳು. ಅಲ್ಲಿಯೇ ನಾನು ಪೂಲಿನ ನಿಜವಾದ ಚರಿತ್ರೆ ಕೇಳಿದ್ದು.

"ಕಮಾನ ಬಿದ್ದದ್ದು ಖರೇ. ಸುಣ್ಣ ಇನ್ನೂ ಹಸಿ ಇದ್ದಾಗ ಕೆಳಗಿನ ಕಟ್ಟಿಗಿ ತಗದ್ರ ಬೀಳದ ಏನ್ ಮಾಡತೈತಿ? ಮುಂದ ಬುದ್ಧಿ ಬಂತು, ಒಣಗೂತನಕ ಕಟ್ಟಿಗಿ ಬಿಟ್ರು, ನಿಂತ್ತು. ಅದ ವ್ಯಾಳ್ಯಾದಾಗ ನಮ್ಮ ಆಯಿ ನೀಲವ್ವ ಸುಣ್ಣದ ಗಾಣಕ್ಕ ಎತ್ತು ಹೊಡೀತಿದ್ಲು. ಬಸುರಿ ಇದ್ಲು. ದಿನ ತುಂಬಾಕ ಬಂದ್ವು, ಬಾಣಂತನಕ್ಕ ನಾಲತವಾಡಕ್ಕ ತವರಮನಿಗೆ ಹೋದ್ಲು. ಮುಗೀತು! ಅಕಿ ಹೋದ್ಲು, ಇತ್ತ ಕಮಾನ ನಿಂತ್ತು. ಹಳ್ಳದ ಆಚಿ ಊರಿನ ಮಂದಿ ದಿನಾ ನೋಡೂ ಬಸುರಿ ಕಾಣವಲ್ಲಳು ಅಂದ್ರು. ಬಾಣಂತನಕ್ಕ ಹೋದಾಕಿನ್ನ ಬಲಿ ಕೊಟ್ಟ ಬಿಟ್ರು ನೋಡು, ಬಾಯಿಲೇನ!"

"ತಿರುಗಿ ಬಂದಳಲ್ಲ, ಆಗ?" ಎಂದೆ ನಾನು.

"ಬಂದ್ಲು. ಬಗಲಾಗ ನಮ್ಮವ್ವನ್ನ ಎತಿಗೊಂಡು ಬಂದ್ಲು. ಆಗೇನಂದ್ರು ಗೊತ್ತೈತೇನು? ಇಕಿ ಬ್ಯಾರೆ, ಸತ್ತಾಕಿನ ತಂಗಿ. ಅಕ್ಕ ಹ್ವಾದ್ಲಂತ ತಂಗೀನ ಕೊಟ್ಟಾರ ಅಂದ್ರು!"

ಇದನ್ನು ಕೇಳಿ ನಾನು ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಚಂದ್ರವ್ವ ನಗಲಿಲ್ಲ. ನೀಲವ್ವ ಇರುವತನಕ ಊರಲ್ಲಿ ಈ ಕಥೆ ತಮಾಷೆಯಾಗಿತ್ತು. ಆಕೆ ಮುಪ್ಪಾಗಿ, ಹಲ್ಲು ಉದುರಿ, ಮೊಮ್ಮಕ್ಕಳನ್ನು ಆಡಿಸಿ ಸತ್ತ ಮೇಲೆ ಯಾರೋ ಕಲ್ಲು ನಿಲ್ಲಿಸಿದರು. ಆಕೆಯನ್ನು ಕಣ್ಣಾರೆ ಕಂಡವರೂ ಒಬ್ಬೊಬ್ಬರಾಗಿ ಕೈಮುಗಿಯತೊಡಗಿದರು. ಚಂದ್ರವ್ವನಿಗೆ ತಡೆಯಲಾಗದ್ದು ಅದೇ. "ಸುಣ್ಣ ಹತ್ತಿ ಹತ್ತಿ ಆಯಿ ಅಂಗೈ ಸೀಳಿದ್ವು. ಆ ಕೈ ನನ್ನ ತೆಲಿ ಮ್ಯಾಲ ಆಡ್ಯಾವು, ಹಿಕ್ಕತಿದ್ರ ಆ ಸೀಳಿನಾಗ ಕೂದಲ ಸಿಗಿಬೀಳ್ತಿದ್ವು. ಬಲಿ ಕೊಟ್ರು ಅಂದ್ರ ಹೆಸರು ಕೊಟ್ಟಾವಗ ಹೋಗತೈತಿ ತಂಗಿ. ದುಡದ್ಲು ಅಂದ್ರ ಅಕಿಗೆ ಬರ್ತಿತ್ತು" ಎನ್ನುತ್ತಿದ್ದಳು. ಆ ಮಾತು ನನ್ನೊಳಗೆ ಹೊಕ್ಕು ಕೂತುಬಿಟ್ಟಿದೆ.

ಒಮ್ಮೆ ಸಿಂದಗಿಯಿಂದ ಪತ್ರಿಕೆಗೆ ಬರೆಯುವವನೊಬ್ಬ ಬಂದ. ಬಿಳಿ ಅಂಗಿ, ಕೊರಳಿಗೆ ಕ್ಯಾಮೆರಾ. ಹಳೆಯ ಪೂಲಿನ ಇತಿಹಾಸ ಬರೆಯುತ್ತೇನೆ ಎಂದ. ಚಂದ್ರವ್ವನ ಹಿಗ್ಗು ಏನು ಹೇಳಲಿ! ಎಮ್ಮೆಯ ಹಾಲು ಅವತ್ತು ಮಾರಲಿಲ್ಲ, ಎಲ್ಲ ಅವನ ಚಹಾಕ್ಕೆ ಹೋಯಿತು. ಗಾಣದ ಕಲ್ಲು ಬಿದ್ದಿದ್ದ ಜಾಗ ತೋರಿಸಿದಳು. ಸುಣ್ಣ ಹೇಗೆ ಅರೆಯುತ್ತಿದ್ದರು, ಗಾರೆಗೆ ಬೆಲ್ಲದ ನೀರು ಎಷ್ಟು ಬೀಳುತ್ತಿತ್ತು, ಎಲ್ಲ ಹೇಳಿದಳು. ಅವನು ಹೌದ್ರಿ ಹೌದ್ರಿ ಎನ್ನುತ್ತ ಬರೆದುಕೊಂಡ. ಪತ್ರಿಕೆ ಬಂತು. ನನ್ನ ಗಂಡ ಕಟ್ಟೆಯ ಮೇಲೆ ಕೂತು ಓದಿದ. ಗರ್ಭಿಣಿಯ ತ್ಯಾಗದಿಂದ ನಿಂತ ಕಮಾನು! ಆ ಮಹಾತಾಯಿಯ ಮೊಮ್ಮಗಳು ಇಂದಿಗೂ ಆ ಕಲ್ಲಿನ ಮುಂದೆ ಕಣ್ಣೀರು ಸುರಿಸುತ್ತಾಳಂತೆ! ಚೊಚ್ಚಲ ಮಗು ಹೊಟ್ಟೆಯಲ್ಲಿರುವಾಗಲೇ ಸತ್ತವಳಿಗೆ ಮೊಮ್ಮಗಳು ಎಲ್ಲಿಂದ ಬಂದಳು ಎಂಬ ಸಣ್ಣ ಲೆಕ್ಕ ಅದನ್ನು ಬರೆದ ಪ್ರಾಣಿಗೆ ಹೊಳೆಯಲಿಲ್ಲ. ಹೊಳೆದಿತ್ತೋ ಏನೋ, ಬೇಕಾಗಿರಲಿಲ್ಲ.

ಚಂದ್ರವ್ವ ಪೂರ್ತಿ ಕೇಳಿದಳು. "ನಾ ಅತ್ತೇನಂತ?" ಎಂದಳು. "ಅವ್ನ ಬಾಯಾಗ ಮಣ್ಣ ಹಾಕ. ನನ್ನ ಎಮ್ಮಿ ಹಾಲು ಕುಡದ ಹೋಗ್ಯಾನಲ್ಲೋ ಹಾಟ್ಯಾ!"

ಇದೆಲ್ಲ ಬರೀ ಕಥೆಯ ಜಗಳವಾಗಿದ್ದರೆ ನಾನೂ ನಕ್ಕು ಬಿಡುತ್ತಿದ್ದೆ. ಅಲ್ಲ. ನಮ್ಮೂರಲ್ಲಿ ಬಸುರಿಯರನ್ನು ಪೂಲಿನ ಹತ್ತಿರ ಚಕ್ಕಡಿಯಿಂದ ಇಳಿಸಿ ಹಳ್ಳದಲ್ಲಿ ನಡೆಸುತ್ತಿದ್ದರು. ಮೇಲೆ ಖಾಲಿ ಚಕ್ಕಡಿ ಆರಾಮಾಗಿ ಹೋಗುತ್ತಿತ್ತು. ಕೆಳಗೆ ಹೊಟ್ಟೆ ಹೊತ್ತವಳು ಪಾಚಿಗಟ್ಟಿದ ಕಲ್ಲುಗಳ ಮೇಲೆ ಕಾಲು ಜಾರುತ್ತ, ಸೀರೆ ನೆನೆಸಿಕೊಂಡು ದಾಟಬೇಕು. ಮೊದಲ ಹೆರಿಗೆಗೆ ತವರಿಗೆ ಹೊರಟಾಗ ನಾನೂ ಹಾಗೆಯೇ ದಾಟಿದೆ. ಪೂಲಿನ ಮೇಲಿನಿಂದ ಗಂಡಸರು "ಎಡಕ್ಕ ಬಾ, ಬಲಕ್ಕ ಬಾ" ಎಂದು ದಾರಿ ತೋರಿಸುತ್ತಿದ್ದರು. ಆ ದಯೆಗೆ ಬೆಂಕಿ ಬೀಳಲಿ.

ಎರಡನೆಯದಕ್ಕೆ ನಾನು ಗಂಡನ ಮನೆಯಲ್ಲೇ ಇದ್ದೆ. ಶ್ರಾವಣದ ಮಳೆ. ಬೆಳಗಿನಿಂದ ನೋವು, ಮಧ್ಯಾಹ್ನವಾದರೂ ಮಗು ಬರಲಿಲ್ಲ. ಸೂಲಗಿತ್ತಿ ಕೈ ತೊಳೆದುಕೊಂಡು "ಕೂಸು ಅಡ್ಡ ಐತ್ರಿ. ನನ್ನ ಕೈಲೆ ಆಗೂದಿಲ್ಲ, ಬಾಗೇವಾಡಿ ದವಾಖಾನಿಗೆ ಒಯ್ಯಿರಿ" ಎಂದಳು. ಚಕ್ಕಡಿ ಹೂಡಿ ನನ್ನನ್ನು ಮಲಗಿಸಿಕೊಂಡು ಹೊರಟರು. ಪೂಲಿನ ತುದಿಗೆ ಬಂದು ಚಕ್ಕಡಿ ನಿಂತಿತು. ಕೆಳಗೆ ಹಳ್ಳ ದಂಡೆ ಮೀರಿ ಕೆಂಪಗೆ ಹರಿಯುತ್ತಿತ್ತು.

"ನೀರು ಇಳೀಲಿ" ಎಂದರು ಅತ್ತೆ. ಗೋಣಿಯ ಕೊಪ್ಪೆ ಹೊದ್ದ ಹಿರಿಯರೆಲ್ಲ ತಲೆಯಾಡಿಸಿದರು. ನನ್ನ ಗಂಡ ಕೆಟ್ಟವನಲ್ಲ. ಅವತ್ತು ಎತ್ತಿನ ಹಗ್ಗ ಹಿಡಿದು, ತಾಯಿಯ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡುತ್ತ ಕಂಬದ ಹಾಗೆ ನಿಂತಿದ್ದ. ನಾನು ಸಾಯುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು. ಗಟ್ಟಿ ಕಲ್ಲಿನ ಪೂಲು ಎದುರಿಗಿದ್ದೂ ಸಾಯುತ್ತೇನಲ್ಲ ಎಂಬ ಸಿಟ್ಟು ನೋವಿಗಿಂತ ಹೆಚ್ಚಾಗಿತ್ತು.

ಅಷ್ಟರಲ್ಲಿ ಚಂದ್ರವ್ವ ಬಂದಳು. ಹೊಲದಿಂದ ಓಡಿ ಬಂದಿರಬೇಕು, ಮೊಣಕಾಲತನಕ ಎರೆಮಣ್ಣು ಮೆತ್ತಿತ್ತು. ನನ್ನ ಗಂಡನ ಕೈಯಿಂದ ಹಗ್ಗ, ಬಾರಕೋಲು ಕಸಿದುಕೊಂಡು ಚಕ್ಕಡಿ ಹತ್ತಿದಳು.

"ಚಂದ್ರವ್ವಾ, ಪೂಲವ್ವ ಬಿಡೂದಿಲ್ಲ!" ಎಂದು ಅತ್ತೆ ಕೂಗಿದರು.

"ನೀರು ಇಳಿಯೂದ್ರಾಗ ಇಕಿ ಉಳಿಯೂದಿಲ್ಲ! ಸರೀರಿ! ಅಡ್ಡ ನಿಂತಾವನ್ನ ಎತ್ತಿನ ಕಾಲಾಗ ಹಾಕ್ತೇನಿ!" ಆಮೇಲೆ ಕಲ್ಲಿನ ಕಡೆ ತಿರುಗಿ, ಮನೆಯವರನ್ನು ಮಾತಾಡಿಸುವ ದನಿಯಲ್ಲಿ, "ಆಯಿ, ಬಾಣಂತನಕ್ಕ ಹೊಂಟೇವಿ" ಎಂದಳು.

ಎತ್ತುಗಳು ಪೂಲಿನ ಮೇಲೆ ಕಾಲಿಟ್ಟವು. ಗಾಲಿಯ ಸದ್ದು ಕಲ್ಲಿನ ಮೇಲೆ ಬದಲಾದದ್ದು ನನಗೆ ಇಂದಿಗೂ ಕೇಳುತ್ತದೆ. ಸರಿಯಾಗಿ ನಡುವಿನ ಕಮಾನಿನ ಮೇಲೆ ಈ ಮಹಾರಾಯತಿ ಚಕ್ಕಡಿ ನಿಲ್ಲಿಸಿ ಎದ್ದು ನಿಂತು ಊರಿನ ಕಡೆ ಕೈ ಮಾಡಿದಳು. "ನೋಡ್ರಿ! ಬಿದ್ದೈತೇನು? ಎಳಕೊಂಡಾಳೇನು? ಕಣ್ಣ ತಗದ ನೋಡ್ರಿ!"

ನಾನು ಇದ್ದ ಶಕ್ತಿಯೆಲ್ಲ ಹಾಕಿ ಚೀರಿದೆ: "ಯವ್ವಾ ಚಂದ್ರವ್ವಾ, ಜಗಳ ಆಮ್ಯಾಲ ಮಾಡಬೇ, ಚಕ್ಕಡಿ ಹೊಡಿ!"

ಸಂಜೆಯೊಳಗೆ ದವಾಖಾನೆಯಲ್ಲಿ ಮಗಳು ಹುಟ್ಟಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದರು ಡಾಕ್ಟರು. ಮಗುವನ್ನು ಎತ್ತಿಕೊಂಡು ಅದೇ ಪೂಲಿನ ಮೇಲೆ ಊರಿಗೆ ಬಂದೆ. ಇನ್ನು ಮುಂದೆ ಯಾರೂ ನೀರಿಗಿಳಿಯಬೇಕಾಗಿಲ್ಲ ಎಂದುಕೊಂಡಿದ್ದೆ. ಎಲ್ಲಿಯ ಮಾತು! ಪೂಲವ್ವ ಈ ಸಲ ದೊಡ್ಡ ಮನಸ್ಸು ಮಾಡಿ ಬಿಟ್ಟಿದ್ದಾಳೆ ಎಂದು ಊರು ತೀರ್ಮಾನಿಸಿತ್ತು. ಮರುತಿಂಗಳೇ ಇನ್ನೊಬ್ಬ ಬಸುರಿಯನ್ನು ಹಳ್ಳಕ್ಕೆ ಇಳಿಸಿದರು. ಅವತ್ತು ಚಂದ್ರವ್ವ ನಮ್ಮ ಕಟ್ಟೆಯ ಮೇಲೆ ಕೂತು ಅತ್ತಳು. ನಾನು ಆಕೆ ಅತ್ತದ್ದನ್ನು ನೋಡಿದ್ದು ಅದೊಂದೇ ಸಲ. "ಇನ್ನೇನ್ ತೋರಿಸ್ಲಿ ತಂಗಿ ಇವರಿಗೆ? ಇನ್ನೇನ್ ತೋರಿಸ್ಲಿ?" ಎನ್ನುತ್ತಿದ್ದಳು.

ಆಮೇಲೆ ಆಕೆಗೆ ಕೆಮ್ಮು ಹಿಡಿಯಿತು. ಮಗಳು ಬಂದು ಮುದ್ದೇಬಿಹಾಳಕ್ಕೆ ಕರೆದುಕೊಂಡು ಹೋದಳು. ಬಸ್ಸಿನತನಕ ನಾನು ಗಂಟು ಹೊತ್ತುಕೊಂಡು ಹೋದೆ. ಪೂಲು ಬಂದಾಗ ಕಟ್ಟೆಗೋಡೆ ಹಿಡಿದು ಬಗ್ಗಿ ಕಮಾನು ನೋಡಿದಳು. "ಚಲೋ ಕಟ್ಯಾರ" ಎಂದಳು, ಅಷ್ಟೇ. ಮಳೆಗಾಲ ಬರುವುದರೊಳಗೆ ಆಕೆ ಮಗಳ ಮನೆಯಲ್ಲಿ ತೀರಿಕೊಂಡ ಸುದ್ದಿ ಬಂತು. ಮಣ್ಣೂ ಅಲ್ಲಿಯೇ ಆಯಿತು. ನಮ್ಮೂರವರು ಯಾರೂ ಹೋಗಲಿಲ್ಲ.

ಹೋಗದವರು ಏನು ಮಾಡಿದರು ಗೊತ್ತೇ? ಬಸುರಿಯನ್ನು ದಾಟಿಸಿದ್ದಕ್ಕೆ ಪೂಲವ್ವ ಚಂದ್ರವ್ವನನ್ನೇ ಬದಲಿಗೆ ತೆಗೆದುಕೊಂಡಳು ಎಂದರು. ಹಳೆಯ ಕಲ್ಲಿನ ಮಗ್ಗುಲಿಗೆ ಹೊಸ ಕಲ್ಲು ತಂದು ನಿಲ್ಲಿಸಿದರು. ಮೊದಲ ಕಾಯಿ ಒಡೆದವರು ನಮ್ಮ ಅತ್ತೆ.

ನಾನು ಸುದ್ದಿ ಕೇಳಿ ಓಡಿದೆ. ಕೈಯಲ್ಲಿದ್ದ ರೊಟ್ಟಿಯ ಹಿಟ್ಟೂ ತೊಳೆದಿರಲಿಲ್ಲ, ಸೆರಗು ಎಲ್ಲಿತ್ತೋ. ನೆರೆದ ಮಂದಿಯ ನಡುವೆ ನಿಂತು ಬಾಯಿಗೆ ಬಂದಂತೆ ಬೈದೆ. "ನಾಚಿಕಿ ಇಲ್ಲೇನ್ರಿ ನಿಮಗ? ಅಕಿ ಕೆಮ್ಮಿ ಸತ್ತಾಳ! ಮಗಳ ಮನ್ಯಾಗ ಸತ್ತಾಳ! ನೀಲವ್ವನೂ ಸತ್ತಿಲ್ಲ ಇಲ್ಲಿ, ದುಡದಾಳ, ದುಡದಾಳ!" ಮೈ ನಡುಗುತ್ತಿತ್ತು, ಕೂದಲು ಬಿಚ್ಚಿಹೋಗಿತ್ತು.

ಮಂದಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. ನಾಟಿತು ಎಂದುಕೊಂಡೆ. ಅಷ್ಟರಲ್ಲಿ ಒಬ್ಬಳು ಮೆಲ್ಲಗೆ "ಮೈಯಾಗ ಬಂದಾಳ" ಎಂದಳು. ಯಾರೋ ಬೇವಿನ ತಪ್ಪಲು ತಂದರು. ಯಾರೋ ಹಣೆಗೆ ಅರಿಶಿನದ ಭಂಡಾರ ಬಳಿದರು. ನಮ್ಮ ಅತ್ತೆ, ನನ್ನನ್ನು ದಿನಾ ಬೈಯುವ ಅದೇ ಅತ್ತೆ, ನನ್ನ ಕಾಲಿಗೆ ಬಿದ್ದು ಕೇಳಿದರು: "ತಪ್ಪಾತು ಪೂಲವ್ವಾ. ಏನ್ ಬೇಕು ಹೇಳು ನಮ್ಮವ್ವಾ, ನಡಸ್ತೇವಿ."

ನಾನು ಪೂಲವ್ವ ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಗುಂಪಿನ ಹಿಂದೆ ಕುಂಬಾರರ ಮನೆಯ ಹುಡುಗಿ ತುಂಬಿದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಆಗಲೇ ಮೋಡ ಕಟ್ಟಿತ್ತು.

"ಬಸುರಿ ಹೆಣ್ಣಮಕ್ಕಳು ನೀರಾಗ ಇಳೀಬಾರ್ದು" ಎಂದೆ. "ಪೂಲಿನ ಮ್ಯಾಲ ದಾಟಬೇಕು. ಇದು ನನ್ನ ಮಾತು."

"ಆಗಲಿ ಯವ್ವಾ" ಎಂದು ಇಡೀ ಊರು ಅಡ್ಡಬಿತ್ತು. ಅವತ್ತಿನಿಂದ ಇವತ್ತಿನವರೆಗೆ ಒಬ್ಬ ಬಸುರಿಯೂ ಹಳ್ಳಕ್ಕೆ ಇಳಿದಿಲ್ಲ. ಚಂದ್ರವ್ವ ಜನ್ಮವಿಡೀ ಗಂಟಲು ಹರಿದುಕೊಂಡು ನಿಜ ಹೇಳಿದಳು, ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಒಂದೇ ಒಂದು ಸುಳ್ಳು ಹೇಳಿದೆ. ಭಂಡಾರ ಕಣ್ಣಿಗಿಳಿದು ಉರಿಯುತ್ತಿರುವಾಗ, ಆ ಎರಡು ಕಲ್ಲುಗಳ ನಡುವೆ ಮೂರನೆಯದಾಗಿ ನಿಂತುಕೊಂಡು ನಾನು ಚಂದ್ರವ್ವನನ್ನು ಹುಡುಕಿದೆ. ಅವತ್ತು ಆಕೆ ಇರಬೇಕಾಗಿತ್ತು, ನನ್ನನ್ನು ಬೈಯಲಿಕ್ಕಾದರೂ.