ಪೆಟ್ಟಿಗೆ ಅಕ್ಕನ ಅನುಮಾನ

ಕಲಾ ಸಂಗ್ರಹಾಲಯದ ಪೆಟ್ಟಿಗೆ ಅಕ್ಕ ಮೊನ್ನೆ ಬೆಳಗಿನ ಜಾವ ಮಲಗಿದ್ದಲ್ಲೇ ತೀರಿಕೊಂಡಳು. ಹೃದಯ ನಿಂತಿತು ಎಂದರು ವೈದ್ಯರು. ಅವಳ ಜೊತೆ ಕೂತು ಬುತ್ತಿ ಬಿಚ್ಚುತ್ತಿದ್ದವರಿಗೆ ಅವಳು ಕೆಲಸ ಮಾಡುತ್ತಿದ್ದ ನೆಲಮಾಳಿಗೆಗೆ ಇಳಿಯಲು ಇನ್ನೂ ಕಾಲು ಬರುತ್ತಿಲ್ಲ.

ಬೇರೆ ಊರಿನ ಪ್ರದರ್ಶನಕ್ಕೆ ಹೋಗುವ ಚಿತ್ರಗಳಿಗೆ ಅಳತೆ ಹಿಡಿದು ಮರದ ಪೆಟ್ಟಿಗೆ ಮಾಡುವುದು, ಒಳಗೆ ಸ್ಪಂಜು ಅಂಟಿಸುವುದು, ವಾಪಸ್ ಬಂದಾಗ ಬಿಚ್ಚುವುದು ಅವಳ ಕೆಲಸ. ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ತರಕಾರಿಯವನು ಕೊಸರು ಹಾಕಿದರೆ, ಕೊಳೆತದ್ದು ಎಷ್ಟಿದೆಯೆಂದು ಚೀಲ ಸುರುವಿ ನೋಡುವಳು. ಒಮ್ಮೆ ಗಂಡ ಹೂ ತಂದಾಗ, "ಏನ್ ಮಾಡ್ಕೊಂಡು ಬಂದಿದ್ದೀರಿ, ಮೊದ್ಲು ಅದು ಹೇಳಿ" ಎಂದಿದ್ದಳು.

ಅವಳ ಮೈದುನ ಅಲ್ಲಿಯೇ ಲಾರಿ ಚಾಲಕ. ಕೆಲಸ ಕೊಡಿಸಿದವಳು ಅವಳೇ. ಅವಳು ತೀರಿಕೊಳ್ಳುವ ಹಿಂದಿನ ದಿನ ಅವನು ದೊಡ್ಡ ಚಿತ್ರವೊಂದನ್ನು ವಾಪಸ್ ತಂದಿದ್ದ. ತಂಪು ಲಾರಿಯಿಂದ ಇಳಿದ ಪೆಟ್ಟಿಗೆಯನ್ನು ಆಗಲೇ ತೆರೆಯುವ ಹಾಗಿಲ್ಲ. ಕೋಣೆಯ ಹವೆಗೆ ಒಗ್ಗಲು ಒಂದು ದಿನ ಮುಚ್ಚಿಯೇ ಇಡಬೇಕು, ಇಲ್ಲವಾದರೆ ಬಣ್ಣ ಬಿರಿಯುತ್ತದೆ. ಅಕ್ಕ ಪೆಟ್ಟಿಗೆಗೆ ಒಂದು ಸುತ್ತು ಹಾಕಿದಳು. ಮುಚ್ಚಳದ ಮೇಲಿನ ಮುದ್ರೆಯ ಪಟ್ಟಿ ಒಂದು ತುದಿಯಲ್ಲಿ ಸುಕ್ಕಾಗಿತ್ತು. ಯಾರೋ ಕಿತ್ತು ಮತ್ತೆ ಅಂಟಿಸಿದ್ದರು.

"ಬಾ ಇಲ್ಲಿ. ದಾರೀಲಿ ಇದನ್ನ ಯಾರು ಮುಟ್ಟಿದ್ದು?"

"ಯಾರು ಮುಟ್ತಾರೆ ಅತ್ತಿಗೆ? ಬಿಸಿಲಿಗೆ ಅಂಟು ಬಿಟ್ಟಿರತ್ತೆ."

"ತಂಪು ಲಾರಿ ಒಳಗೆ ಬಿಸಿಲು ಬಂತಾ? ಟಿಕೆಟ್ ತಗೊಂಡಿತ್ತಾ?"

ಮೈದುನ ತಲೆ ಕೆರೆದುಕೊಂಡ, ಕೊನೆಗೆ ಬಾಯಿಬಿಟ್ಟ. ಪೆಟ್ಟಿಗೆಯೊಳಗಿಂದ ಲೊಟಲೊಟ ಸದ್ದು ಬಂದಿತ್ತು. ಹೆದರಿ, ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಮುಚ್ಚಳ ತೆಗೆದಿದ್ದ. ಮೂಲೆಯ ಸ್ಪಂಜು ಕಳಚಿ ಬಿದ್ದಿತ್ತು. ತನ್ನ ಟವೆಲನ್ನೇ ಮಡಿಸಿ ಅಲ್ಲಿ ತುರುಕಿದ್ದ.

"ನಿನ್ನ ಟವೆಲ್ಲಾ? ಬೆವರು ಒರೆಸ್ಕೊಳ್ಳೋದಾ?"

"ಒಗೆದಿದ್ದೇ ಅತ್ತಿಗೆ."

"ಯಾವ ವರ್ಷ?"

ಅವನು ನಗಲಿಲ್ಲ. ದಾರಿಯಲ್ಲಿ ಪೆಟ್ಟಿಗೆ ತೆರೆದವನ ಕೆಲಸ ಹೋಗುತ್ತದೆ. "ಮೇಲಿನವರಿಗೆ ಹೇಳ್ಬೇಡಿ ಅತ್ತಿಗೆ. ಮಕ್ಕಳ ಮುಖ ನೋಡಿ."

"ನಾನು ಹಚ್ಚಿದ ಅಂಟು ಬಿಡಲ್ಲ ಕಣೋ. ಒಳಗೆ ಚಿತ್ರ ಇದೆಯೋ, ಬರೀ ಟವೆಲ್ ಇದೆಯೋ?"

"ಅಮ್ಮನಾಣೆಗೂ ಇದೆ."

"ಅತ್ತೆಯವರನ್ನ ಇದಕ್ಕೆ ಎಳೀಬೇಡ."

ಹೀಗೆ ಬೈದವಳು ಪೆಟ್ಟಿಗೆಗೆ ಮತ್ತೊಂದು ಸುತ್ತು ಹಾಕಿದಳು. ಅವನು ಹೇಳಿದ್ದು ಸುಳ್ಳಾದರೆ ಮನೆಯಲ್ಲೇ ಕಳ್ಳ. ನಿಜವಾದರೆ ತಪ್ಪು ಅವಳ ಕೈಯದು. ಸ್ಪಂಜು ಅಂಟಿಸುವ ದಿನ ಅವಸರ ಮಾಡಿದೆನೇ? ಆ ಅಂಟಿನ ಡಬ್ಬಿ ಹಳೆಯದಿತ್ತೇ? ನೆನಪಿಗೆ ಬರಲೊಲ್ಲದು. ಅದುವರೆಗೆ ಊರನ್ನೆಲ್ಲ ಅನುಮಾನಿಸಿದವಳು ತನ್ನ ಕೈಗಳನ್ನು ಮಾತ್ರ ಆ ಸಾಲಿಗೆ ಸೇರಿಸಿರಲಿಲ್ಲ.

ಮರುದಿನ ಬೇರೆಯವರು ತೆರೆದಾಗ ಚಿತ್ರಕ್ಕೆ ಒಂದು ಗೀರೂ ಆಗಿರಲಿಲ್ಲ. ಟವೆಲು ಅವನು ಹೇಳಿದ ಮೂಲೆಯಲ್ಲೇ ಇತ್ತು. ನೋಡಲು ಅವಳಿರಲಿಲ್ಲ.

ಪೆಟ್ಟಿಗೆ ಬಂದ ದಿನವೇ ಸಂಜೆ, ಅವಳಿನ್ನೂ ಅಲ್ಲಿದ್ದಾಗ, ಉಗ್ರಾಣದ ಅಧಿಕಾರಿ ಬಾಗಿಲಲ್ಲಿ ಇಣುಕಿದ್ದರು. "ಎಲ್ಲ ಸರಿಯಾಗಿದೆಯೇನಮ್ಮಾ?"

ಮೈದುನ ನೆಲ ನೋಡುತ್ತಾ ನಿಂತ.

"ಸರಿಯಿಲ್ಲ ಸಾರ್. ದಾರೀಲಿ ತೆರೆದಿದ್ದಾನೆ. ಮೂಲೆ ಸ್ಪಂಜು ಕಳಚಿತ್ತಂತೆ. ಅದನ್ನ ಅಂಟಿಸಿದ್ದು ನಾನು. ಕೇಳೋದಿದ್ರೆ ಮೊದ್ಲು ನನ್ನ ಕೇಳಿ, ಆಮೇಲೆ ಅವನನ್ನ."

ಅಧಿಕಾರಿ ಇಬ್ಬರ ಮುಖವನ್ನೂ ನೋಡಿ, "ನಾಳೆ ತೆರೆದು ನೋಡೋಣ" ಎಂದು ಹೊರಟರು.

ಮೈದುನ ಅವಳತ್ತ ತಿರುಗಿದ. "ಹಾಗಾದ್ರೆ ನನ್ನ ನಂಬಿದ್ರಾ ಅತ್ತಿಗೆ?"

"ನಂಬಿದೆ ಅಂತ ಯಾರು ಹೇಳಿದ್ರು? ನಡಿ ಆಚೆ."

ಅವನನ್ನು ಮುಂದೆ ಬಿಟ್ಟು, ಬಾಗಿಲೆಳೆದು ಬೀಗ ಹಾಕಿದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು, ಅದನ್ನು ಜಗ್ಗಿ ನೋಡಿದಳು.